ಅಳತೆಯ ಮೇಲೆ ನಿಂತ ನಂಬಿಕೆ

ಮನಗೂಳಿಯಂಥ ಊರಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಬುಷ್ ಸವೆದರೆ ರೈತ ಏನು ಮಾಡುತ್ತಾನೆ? ಹಳೆಯ ಬುಷ್ಷನ್ನು ಚೀಲಕ್ಕೆ ಹಾಕಿಕೊಂಡು ಲೇತ್ ಅಂಗಡಿಗೆ ಹೋಗುತ್ತಾನೆ. ಮಿಸ್ತ್ರಿ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಕ್ಯಾಲಿಪರ್ ಹಿಡಿದು ಅಳೆದು, 'ಸಂಜೀಕ ಬರ್ರಿ ಗೌಡ್ರ' ಎನ್ನುತ್ತಾನೆ. ಸಂಜೆ ಒಯ್ದ ಬುಷ್ ತುಸು ಬಿಗಿಯಾಯಿತೆನ್ನಿ. ಮರುದಿನ ಮತ್ತೆ ಹೋದರಾಯಿತು, ಮಿಸ್ತ್ರಿ ಇನ್ನಷ್ಟು ತರಿದು ಕೊಡುತ್ತಾನೆ. ಇಲ್ಲಿ ನಕ್ಷೆಯಿಲ್ಲ, ಕಾಗದವಿಲ್ಲ, ಸರ್ಟಿಫಿಕೇಟು ಇಲ್ಲವೇ ಇಲ್ಲ. ಮುಖ ನೋಡಿ ನಡೆಯುವ ವ್ಯವಹಾರ. ಮಿಸ್ತ್ರಿಯ ಮನೆ ಯಾವ ಓಣಿಯಲ್ಲಿದೆ ಎಂಬುದು ರೈತನಿಗೆ ಗೊತ್ತು. ಅವರಿಬ್ಬರ ನಡುವಿನ ಕರಾರುಪತ್ರವೇ ಅದು.

ಈಗ ಇನ್ನೊಂದು ಬಗೆಯ ವ್ಯವಹಾರ ನೋಡೋಣ. ಬೆಳಗಾವಿಯ ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಇರುವ ಸಣ್ಣ ಫೌಂಡ್ರಿಯೊಂದು ಪಂಪಿನ ಕವಚವನ್ನು ಎರಕ ಹೊಯ್ಯುತ್ತದೆ. ಇನ್ನೊಂದು ವರ್ಕ್‌ಶಾಪಿನವರು ಅದಕ್ಕೆ ತೂತು ಕೊರೆದು, ಮೈ ನಯ ಮಾಡಿ ಕೊಡುತ್ತಾರೆ. ಆ ಕವಚ ಪೆಟ್ಟಿಗೆ ಸೇರಿ, ಬಂದರು ಮುಟ್ಟಿ, ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಅಲ್ಲಿ ಒಂದು ದೇಶದ ಮೋಟಾರು, ಇನ್ನೊಂದು ದೇಶದ ಬೇರಿಂಗು, ನಮ್ಮ ಕವಚ ಎಲ್ಲ ಕೂಡಿ ಒಂದು ಪಂಪ್ ಆಗುತ್ತದೆ. ಇದನ್ನೇ ಜಾಗತಿಕ ಪೂರೈಕೆ ಸರಪಳಿ ಎನ್ನುತ್ತಾರೆ. ಈ ಸರಪಳಿಯ ಆ ತುದಿಯಲ್ಲಿ ಕವಚ ಬಿಗಿಯಾದರೆ 'ನಾಳೆ ತನ್ನಿ, ತರಿದು ಕೊಡುತ್ತೇವೆ' ಎನ್ನುವಂತಿಲ್ಲ. ಕೊಳ್ಳುವವನು ಮಾಡಿದವನ ಮುಖವನ್ನೇ ಕಂಡಿಲ್ಲ. ಹಾಗಿದ್ದರೆ ಅವನು ಯಾವುದನ್ನು ನಂಬಿ ಹಣ ಕೊಡುತ್ತಾನೆ? ಅಂಕಿಗಳನ್ನು. ಇಷ್ಟು ವ್ಯಾಸ, ಇಷ್ಟು ಗಡಸುತನ, ಇಷ್ಟು ಇಂಗಾಲ ಎಂದು ಬರೆದು ಕಳಿಸಿದ ಅಂಕಿಗಳನ್ನು. ನಮ್ಮ ಸಣ್ಣ ಕಾರ್ಖಾನೆಗಳು ಕಂಪ್ಯೂಟರನ್ನು ಒಳಗೆ ಬರಮಾಡಿಕೊಂಡದ್ದಕ್ಕೆ ಮುಖ್ಯ ಕಾರಣ ಇದು. ವೇಗ, ಅಗ್ಗ ಎಂಬುವೆಲ್ಲ ಆಮೇಲಿನ ಮಾತು.

ಬೆಳಗಾವಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮುಂಬಯಿಯ ತಾಂತ್ರಿಕ ಸಂಸ್ಥೆಯೊಂದರಲ್ಲಿ ಶಿಕ್ಷಕರಾಗಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲ ಕೆಡುತ್ತದೆಂದು ಅಂದಿನ ರೈತರು ಹೆದರಿದ್ದರಿಂದ ಮೊದಮೊದಲು ನೇಗಿಲು ಮಾರುವುದೇ ಕಷ್ಟವಾಯಿತು. 1910ರಲ್ಲಿ ಅವರು ಇಲ್ಲಿಂದ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಹೊಸ ವಸ್ತುವಿಗಿಂತ ಮೊದಲು ಅದರ ಮೇಲಿನ ನಂಬಿಕೆಯನ್ನು ಸಂಪಾದಿಸಬೇಕು ಎಂಬ ಪಾಠ ಈ ಸೀಮೆಯಲ್ಲಿ ಅಷ್ಟು ಹಳೆಯದು.

ಫೌಂಡ್ರಿಯ ಒಳಗೆ ಹೋಗೋಣ. ಎರಕಕ್ಕೆ ಮೊದಲು ಕಟ್ಟಿಗೆಯಲ್ಲೋ ಲೋಹದಲ್ಲೋ ಒಂದು ಮಾದರಿ ಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಸಿದ್ಧ. ಅದರೊಳಗೆ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕಾವಿನ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ಆರಿದಾಗ ಲೋಹ ಕುಗ್ಗುತ್ತದೆ. ಬೂದು ಎರಕದ ಕಬ್ಬಿಣ ನೂರಕ್ಕೆ ಸುಮಾರು ಒಂದು ಭಾಗ ಕುಗ್ಗುತ್ತದೆ. ಆದ್ದರಿಂದ 500 ಮಿಲಿಮೀಟರಿನ ಭಾಗ ಬೇಕಾದರೆ ಮಾದರಿಯನ್ನು 505 ಮಿಲಿಮೀಟರಿಗೆ ಮಾಡಬೇಕು. ಮಾದರಿ ಮಾಡುವ ಬಡಿಗರ ಬಳಿ ಇದಕ್ಕೆಂದೇ ತುಸು ಉದ್ದದ ಗೆರೆಗಳಿರುವ ಬೇರೆ ಅಳತೆಪಟ್ಟಿ ಇರುತ್ತಿತ್ತು. ಈಗ ಗಿರಾಕಿ ನಕ್ಷೆಯನ್ನು ಕಂಪ್ಯೂಟರ್ ಕಡತವಾಗಿ ಕಳಿಸುತ್ತಾನೆ. ಕುಗ್ಗುವ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಸೇರಿಸಿ, ಮಾದರಿಯನ್ನು ಯಂತ್ರದಿಂದಲೇ ಕೆತ್ತಿಸಬಹುದು.

ಇನ್ನೂ ಒಂದು ತೊಡಕಿದೆ. ದಪ್ಪ ಭಾಗ ತಡವಾಗಿ ಆರುತ್ತದೆ, ತೆಳು ಭಾಗ ಬೇಗ ಆರುತ್ತದೆ. ಕೊನೆಗೆ ಆರುವ ಜಾಗಕ್ಕೆ ಲೋಹ ಸಾಲದೆ ಒಳಗೆ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ಹಳೆಯ ಮಿಸ್ತ್ರಿಗಳು ಅನುಭವದಿಂದ ಊಹಿಸಿ, ಆ ಜಾಗದ ಮೇಲೆ ಹೆಚ್ಚಿನ ಲೋಹ ನಿಲ್ಲುವ ಒಂದು ಬಾವಿ ಇಡುತ್ತಿದ್ದರು. ಹೊಯ್ದು, ಒಡೆದು ನೋಡಿ, ತಿದ್ದಿ, ಮತ್ತೆ ಹೊಯ್ಯುವುದು ಅಂದಿನ ದಾರಿ. ಒಂದೊಂದು ಪ್ರಯತ್ನಕ್ಕೂ ಕರೆಂಟು, ಮರಳು, ದಿನಗೂಲಿ ಎಲ್ಲ ಖರ್ಚು. ಇಂದು ಲೋಹ ಹೇಗೆ ಹರಿಯುತ್ತದೆ, ಎಲ್ಲಿ ಕೊನೆಗೆ ಆರುತ್ತದೆ ಎಂಬುದನ್ನು ಹೊಯ್ಯುವ ಮೊದಲೇ ಕಂಪ್ಯೂಟರ್ ಪರದೆಯ ಮೇಲೆ ಬಣ್ಣಗಳಲ್ಲಿ ನೋಡಬಹುದು. ಇಂಥ ತಂತ್ರಾಂಶಗಳಲ್ಲಿ 'ಆಟೋಕ್ಯಾಸ್ಟ್' ನಮ್ಮ ದೇಶದಲ್ಲೇ ಬೆಳೆದದ್ದು. ಮುಂಬಯಿ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದು, ಮುಂದೆ ಸುರತ್ಕಲ್ಲಿನ ಎನ್‌ಐಟಿಕೆಯ ನಿರ್ದೇಶಕರಾದ ಬಿ. ರವಿ ಅವರ ಕೆಲಸದಿಂದ ಬಂದದ್ದು. ಒಡೆದು ನೋಡುವ ಬದಲು ಲೆಕ್ಕ ಮಾಡಿ ನೋಡುವುದು, ಇಷ್ಟೇ ಇದರ ಸಾರ.

ವಿದ್ಯಾರ್ಥಿಗಳೇ, ಕರಗಿದ ಮೇಣ ಆರುವಾಗ ಉಷ್ಣಾಂಶವನ್ನು ಆಗಾಗ ಬರೆದುಕೊಂಡು ನಕ್ಷೆ ಎಳೆಯುವ ಪ್ರಯೋಗ ನಿಮಗೆ ಗೊತ್ತು. ಗೆರೆ ಇಳಿಯುತ್ತ ಬಂದು ಒಂದೆಡೆ ಅಡ್ಡಲಾಗಿ ನಿಲ್ಲುತ್ತದೆ. ಘನವಾಗುವಾಗ ಗುಪ್ತೋಷ್ಣ ಹೊರಬೀಳುವುದೇ ಕಾರಣ. ಇದು ಪರೀಕ್ಷೆಗೆ ಮಾತ್ರ ಬೇಕಾದ ಪಾಠವೆಂದು ನೀವು ತಿಳಿದಿರಬಹುದು. ಫೌಂಡ್ರಿಯಲ್ಲಿ ಇದೇ ಪ್ರಯೋಗವನ್ನು ಕುಲುಮೆಯ ಬಾಯಲ್ಲೇ ಮಾಡುತ್ತಾರೆ. ಸಣ್ಣ ಬಟ್ಟಲಿಗೆ ಒಂದಿಷ್ಟು ಕರಗಿದ ಕಬ್ಬಿಣ ಹೊಯ್ದರೆ ಅದರೊಳಗಿನ ಉಷ್ಣಯುಗ್ಮ ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಗೆರೆ ಎಲ್ಲಿ ನಿಂತಿತು ಎಂಬುದರಿಂದ ಕಬ್ಬಿಣದಲ್ಲಿರುವ ಇಂಗಾಲದ ಅಂದಾಜು ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಉಳಿದ ಧಾತುಗಳಿಗೆ ರೋಹಿತಮಾಪಕವಿದೆ. ಲೋಹದ ತುಣುಕಿನ ಮೇಲೆ ವಿದ್ಯುತ್ ಕಿಡಿ ಹಾರಿಸಿದರೆ ಪ್ರತಿಯೊಂದು ಧಾತುವೂ ತನ್ನದೇ ಬಣ್ಣದ ಗೆರೆ ಬೀರುತ್ತದೆ. 1859-60ರಲ್ಲಿ ಜರ್ಮನಿಯಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಕಂಡುಕೊಂಡ ತತ್ವ ಇದು. ಕಬ್ಬಿಣದ ತುಂಡನ್ನು ಮುರಿದು, ಮುರಿದ ಮೈಯ ಬಣ್ಣ ನೋಡಿ ಗುಣ ಹೇಳುತ್ತಿದ್ದ ಮಿಸ್ತ್ರಿಯ ಕಣ್ಣು ಸುಳ್ಳಲ್ಲ. ಆದರೆ ಆ ಕಣ್ಣನ್ನು ಹಡಗಿನಲ್ಲಿ ಕಳಿಸಲಾಗುವುದಿಲ್ಲ, ಅಂಕಿಯನ್ನು ಕಳಿಸಬಹುದು.

ಎರಕವಾದ ಮೇಲೆ ಕೊರೆಯುವ, ತರಿಯುವ ಕೆಲಸ. ಇಲ್ಲಿಗೆ ಬಂದದ್ದು ಸಿಎನ್‌ಸಿ, ಅಂದರೆ ಅಂಕಿಗಳ ಅಪ್ಪಣೆಯಂತೆ ನಡೆಯುವ ಯಂತ್ರ. ಇದರ ವಂಶಾವಳಿ ಸ್ವಾರಸ್ಯವಾಗಿದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬಾತ ಮಗ್ಗಕ್ಕೆ ತೂತಿನ ರಟ್ಟುಗಳ ಸಾಲು ಜೋಡಿಸಿದ. ತೂತು ಇದ್ದಲ್ಲಿ ಒಂದು ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆ ಕಂಡವರಿಗೆ ಜಕಾರ್ಡ್ ಎಂಬ ಹೆಸರು ಹೊಸದಲ್ಲ. ಅಮೆರಿಕದಲ್ಲಿ ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿದ್ದ ಜಾನ್ ಪಾರ್ಸನ್ಸ್ ಲೋಹ ಕತ್ತರಿಸುವ ಯಂತ್ರಕ್ಕೂ ಅಂಕಿಗಳಿಂದಲೇ ದಾರಿ ತೋರಿಸಬಹುದೆಂದು ಯೋಚಿಸಿದರು. ತೂತಿನ ಕಾಗದದ ಪಟ್ಟಿಯಿಂದ ನಡೆಯುವ ಅಂಥ ಯಂತ್ರವನ್ನು ಎಂಐಟಿ ಎಂಬ ಸಂಸ್ಥೆ 1952ರಲ್ಲಿ ಪ್ರದರ್ಶಿಸಿತು. ಕಾಗದದ ಪಟ್ಟಿಯ ಜಾಗಕ್ಕೆ ಮುಂದೆ ಕಂಪ್ಯೂಟರ್ ಬಂತು.

ಸಿಎನ್‌ಸಿ ಲೇತ್ ಹೇಗೆ ಅಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ? ಸರಳ ಲೆಕ್ಕ ಹಾಕೋಣ. ಹತಾರ ಹೊತ್ತ ಭಾಗವನ್ನು ಒಂದು ಉದ್ದನೆಯ ಸ್ಕ್ರೂ ಸರಿಸುತ್ತದೆ. ಸ್ಕ್ರೂ ಒಂದು ಸುತ್ತು ತಿರುಗಿದರೆ ಹತಾರ 10 ಮಿಲಿಮೀಟರ್ ಸರಿಯುತ್ತದೆ ಎನ್ನಿ. ಒಂದು ಸುತ್ತನ್ನು 10,000 ಭಾಗಗಳಾಗಿ ಎಣಿಸುವ ಸಾಧನ ಮೋಟಾರಿಗೆ ಜೋಡಿಸಿದ್ದರೆ ಒಂದೊಂದು ಎಣಿಕೆಯೂ ಮಿಲಿಮೀಟರಿನ ಸಾವಿರದ ಒಂದು ಭಾಗ, ಅಂದರೆ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆಯಿರಿ. ಯಂತ್ರ ಸುಮ್ಮನೆ ಅಪ್ಪಣೆ ಪಾಲಿಸುವುದಿಲ್ಲ. 'ಎಷ್ಟು ಹೋಗಬೇಕಿತ್ತು, ಎಷ್ಟು ಹೋದೆ' ಎಂದು ಪ್ರತಿ ಕ್ಷಣ ತನ್ನನ್ನೇ ಕೇಳಿಕೊಂಡು ತಿದ್ದಿಕೊಳ್ಳುತ್ತದೆ. ನಮ್ಮ ಶಾಲೆಯ ಸ್ಕ್ರೂ ಗೇಜಿನ ತತ್ವವೇ ಇದು. ಅಲ್ಲಿ ತಿರುಗಿಸುವವರು ನಾವು, ಇಲ್ಲಿ ಮೋಟಾರು.

ಈ ಯಂತ್ರಗಳು ಸಣ್ಣವರ ಕೈಗೆ ಎಟುಕಿದ್ದರ ಹಿಂದೆ ನಮ್ಮ ರಾಜ್ಯದ ದೊಡ್ಡ ಕಥೆಯಿದೆ. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ, 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರ ಸಂಶೋಧನಾ ಸಂಸ್ಥೆ, 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ, ಹೀಗೆ ಒಂದರ ಪಕ್ಕ ಒಂದು ಬಂದವು. ಯಂತ್ರ ಮಾಡಬಲ್ಲ, ರಿಪೇರಿ ಮಾಡಬಲ್ಲ ಕೈಗಳು ತಯಾರಾದವು. ಸಿಎನ್‌ಸಿ ಯಂತ್ರಗಳನ್ನು ಇಲ್ಲೇ ಕಟ್ಟತೊಡಗಿದ ಮೇಲೆ ಸಣ್ಣ ವರ್ಕ್‌ಶಾಪಿನವರೂ ಬ್ಯಾಂಕ್ ಸಾಲ ತೆಗೆದು ಒಂದು ಯಂತ್ರ ಕೂರಿಸುವ ಧೈರ್ಯ ಮಾಡಿದರು. ಇಂದು ಪೀಣ್ಯದ ಒಂದೊಂದು ಸಂದಿಯಲ್ಲೂ ಅವು ಗುಂಯ್‌ಗುಡುತ್ತವೆ.

ಮಾಡಿದ್ದಾಯಿತು, ಇನ್ನು ಅಳೆಯಬೇಕು. ಇದಕ್ಕೆ ನಿರ್ದೇಶಾಂಕ ಮಾಪನ ಯಂತ್ರವಿದೆ. ಸಣ್ಣ ಗೋಲಿಯಂಥ ತುದಿಯುಳ್ಳ ಕಡ್ಡಿ ವಸ್ತುವನ್ನು ಅಲ್ಲಲ್ಲಿ ಮುಟ್ಟಿ, ಮುಟ್ಟಿದ ಬಿಂದುವಿನ ಮೂರು ನಿರ್ದೇಶಾಂಕಗಳನ್ನು ಬರೆದುಕೊಳ್ಳುತ್ತದೆ. ತೂತಿನ ಒಳಮೈಯಲ್ಲಿ ಮೂರು ಬಿಂದು ಸಿಕ್ಕರೆ ವೃತ್ತದ ಕೇಂದ್ರ, ತ್ರಿಜ್ಯ ಎರಡನ್ನೂ ಲೆಕ್ಕ ಹಾಕಬಹುದು. ಹೆಚ್ಚು ಬಿಂದು ಮುಟ್ಟಿದಷ್ಟೂ ಭರವಸೆ ಹೆಚ್ಚು. ಹತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತ ಯಾತಕ್ಕೆ ಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಅಳತೆಯಲ್ಲೂ ಒಂದು ಮೋಸವಿದೆ. ಉದ್ದದ ಅಳತೆಯನ್ನು 20 ಡಿಗ್ರಿ ಉಷ್ಣಾಂಶದಲ್ಲಿ ಇದ್ದಂತೆ ಹೇಳಬೇಕೆಂಬುದು ಜಗತ್ತು ಒಪ್ಪಿದ ನಿಯಮ. ನಮ್ಮ ವಿಜಯಪುರದ ಬೇಸಿಗೆ 40 ದಾಟುತ್ತದೆ. ಆ ಕಾವಿನಲ್ಲಿ 100 ಮಿಲಿಮೀಟರಿನ ಉಕ್ಕು ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಅಳೆಯುವ ಪಟ್ಟಿಯೂ ಉಕ್ಕಿನದಾದರೆ ಅದೂ ಅಷ್ಟೇ ಹಿಗ್ಗಿ ತಪ್ಪು ತಪ್ಪಿಗೆ ವಜಾ ಆಗುತ್ತದೆ. ಆದರೆ ವಸ್ತು ಅಲ್ಯುಮಿನಿಯಮ್ ಆಗಿದ್ದರೆ? ಅದು ಸುಮಾರು 46 ಮೈಕ್ರಾನ್ ಹಿಗ್ಗುತ್ತದೆ, ಪಟ್ಟಿ 23 ಮಾತ್ರ. ಉಳಿದ 23 ಮೈಕ್ರಾನ್ ನಮ್ಮ ಕಣ್ಣಿಗೆ ಬೀಳದ ಸುಳ್ಳು. ನಕ್ಷೆಯಲ್ಲಿ 10 ಮೈಕ್ರಾನಿನಷ್ಟೇ ಹೆಚ್ಚುಕಡಿಮೆಗೆ ಅವಕಾಶವಿದ್ದರೆ ಇಲ್ಲಿ 'ಸರಿ' ಎನಿಸಿಕೊಂಡ ಭಾಗ ಆ ದೇಶದಲ್ಲಿ 'ತಿರಸ್ಕೃತ' ಎನಿಸಿಕೊಳ್ಳುತ್ತದೆ. ಸೂಕ್ಷ್ಮ ಕೆಲಸದ ಕಾರ್ಖಾನೆಗಳಲ್ಲಿ ಅಳತೆಯ ಕೋಣೆಗೆ ಏರ್‌ಕಂಡೀಷನ್ ಹಾಕುವುದು ಸಾಹೇಬರ ಸುಖಕ್ಕಲ್ಲ.

ವಿಮಾನದ ಬಿಡಿಭಾಗಗಳಲ್ಲಂತೂ ಈ ಶಿಸ್ತು ಇನ್ನೂ ಕಟ್ಟುನಿಟ್ಟು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ 2009ರಲ್ಲಿ ಆರಂಭವಾದ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಭಾಗಗಳು ತಯಾರಾಗಿ ಹೊರದೇಶಕ್ಕೆ ಹೋಗುತ್ತವೆ. ಅದು ದೊಡ್ಡ ಕಂಪನಿ, ನಿಜ. ಆದರೆ ಅಲ್ಲಿಯ ರೀತಿ ಸಣ್ಣವರಿಗೂ ಹರಿದುಬಂದಿದೆ. ಯಾವ ಲೋಹ, ಯಾವ ದಿನ ಕರಗಿಸಿದ್ದು, ಯಾವ ಯಂತ್ರದಲ್ಲಿ ತರಿದದ್ದು, ಯಾರು ಅಳೆದದ್ದು ಎಂಬುದೆಲ್ಲ ಒಂದು ಸಂಖ್ಯೆಯ ಕೆಳಗೆ ದಾಖಲಾಗಬೇಕು. ಇದರಿಂದ ಲಾಭ ಏನು? ಒಂದು ಭಾಗ ಬಿರುಕು ಬಿಟ್ಟಿತೆನ್ನಿ. ದಾಖಲೆ ಇದ್ದರೆ ಅದೇ ಪಾಳಿಯಲ್ಲಿ ಹೊಯ್ದ 40 ಭಾಗಗಳನ್ನು ಹುಡುಕಿ ಹಿಂದಕ್ಕೆ ತರಿಸಿದರೆ ಸಾಕು. ದಾಖಲೆ ಇಲ್ಲದಿದ್ದರೆ ಆ ವರ್ಷ ಕಳಿಸಿದ 4000 ಭಾಗಗಳ ಮೇಲೂ ಸಂಶಯ. ಸಣ್ಣ ಕಾರ್ಖಾನೆಯೊಂದು ಮುಳುಗುವುದಕ್ಕೆ ಅಷ್ಟು ಸಾಕು.

ಹೊಸದೊಂದು ಲೆಕ್ಕವೂ ಸೇರಿದೆ. ಯುರೋಪಿನ ದೇಶಗಳು ಹೊರಗಿನಿಂದ ಬರುವ ಕಬ್ಬಿಣ, ಉಕ್ಕಿನ ಹಲವು ಸಾಮಾನುಗಳಿಗೆ ಎಷ್ಟು ಇಂಗಾಲದ ಹೊಗೆ ಹೊರಬಿತ್ತು ಎಂಬ ಲೆಕ್ಕವನ್ನು 2023ರ ಅಕ್ಟೋಬರಿನಿಂದ ಕೇಳತೊಡಗಿದವು. ಒಂದು ಟನ್ ಕಬ್ಬಿಣ ಕರಗಿಸಲು ವಿದ್ಯುತ್ ಕುಲುಮೆಗೆ ಸುಮಾರು 550ರಿಂದ 650 ಯೂನಿಟ್ ಬೇಕು. ತಿಂಗಳ ಕೊನೆಗೆ ಬರುವ ಒಂದು ಬಿಲ್ಲಿನಿಂದ ಈ ಲೆಕ್ಕ ಬಿಡಿಸಲಾಗದು. ಕುಲುಮೆಗೇ ಬೇರೆ ಮೀಟರು ಬೇಕು. ಹಾಗೆ ಮೀಟರು ಕೂರಿಸಿದರೆ, ಖಾಲಿ ಕಾಯುವ ಹೊತ್ತಿನಲ್ಲೂ ಕುಲುಮೆ ಎಷ್ಟು ಕರೆಂಟು ನುಂಗುತ್ತದೆ ಎಂಬುದು ಮಾಲೀಕನ ಕಣ್ಣಿಗೆ ಬೀಳುತ್ತದೆ. ಪರರಿಗಾಗಿ ಇಟ್ಟ ಲೆಕ್ಕದಿಂದ ತನ್ನ ಮನೆಯ ಸೋರಿಕೆ ಗೊತ್ತಾಗುವುದು ಹೀಗೆ.

ಎಲ್ಲವೂ ಸುಗಮವಾಗಿದೆ ಎಂದೇನೂ ಅಲ್ಲ. ಒಂದು ಯಂತ್ರದ ಸಾಲ ತೀರುವ ಮೊದಲೇ ಗಿರಾಕಿ ಬೇರೆ ದೇಶಕ್ಕೆ ಹೊರಳಬಹುದು. ತಂತ್ರಾಂಶಕ್ಕೆ ವರ್ಷ ವರ್ಷವೂ ಹಣ ಕಟ್ಟಬೇಕು. ಹಳೆಯ ಲೇತುಗಳ ಮೇಲೆ ನಾಲ್ವರು ಮಾಡುತ್ತಿದ್ದ ಕೆಲಸವನ್ನು ಒಬ್ಬ ಹುಡುಗ ಎರಡು ಸಿಎನ್‌ಸಿ ಯಂತ್ರ ನೋಡಿಕೊಂಡು ಮುಗಿಸಿದರೆ ಉಳಿದ ಮೂವರ ಗತಿ ಏನು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಅದಕ್ಕೇ ತಿಳಿದ ಮಾಲೀಕರು ದೊಡ್ಡ ಯಂತ್ರದಿಂದ ಶುರುಮಾಡುವುದಿಲ್ಲ. ಮೊದಲು ಒಂದು ಡಿಜಿಟಲ್ ಕ್ಯಾಲಿಪರ್, ಒಂದು ಮೀಟರು, ಒಂದು ಕಂಪ್ಯೂಟರಿನಲ್ಲಿ ದಿನದ ಲೆಕ್ಕ. ದುಬಾರಿ ಅಳತೆಯ ಯಂತ್ರವನ್ನು ನಾಲ್ಕಾರು ಜನ ಕೂಡಿ ಬಳಸುವುದು. ನಲವತ್ತು ವರ್ಷ ಲೋಹದ ಜೊತೆ ಬದುಕಿದ ಹಳೆಯ ಮಿಸ್ತ್ರಿಯನ್ನು ಹೊಸ ಹುಡುಗನ ಪಕ್ಕದಲ್ಲಿ ಕೂರಿಸುವುದು. ಯಾವ ವೇಗಕ್ಕೆ ಹತಾರ ಮೊಂಡಾಗುತ್ತದೆ ಎಂಬುದು ಮಿಸ್ತ್ರಿಗೆ ಸದ್ದಿನಿಂದಲೇ ಗೊತ್ತು. ಅದನ್ನು ಅಂಕಿಯಾಗಿ ಬರೆದಿಡುವುದು ಹುಡುಗನಿಗೆ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಕಂಪ್ಯೂಟರಿಗೆ ಹೋದ ಸುಳ್ಳು ಅಲ್ಲಿಂದ ನಿಜವಾಗಿ ಹೊರಬರುವುದಿಲ್ಲ. ಜಪಾನಿನ ಕೋಬೆ ಸ್ಟೀಲ್ ಹೆಸರಾಂತ ಕಂಪನಿ. ತಾನು ಮಾರಿದ ಅಲ್ಯುಮಿನಿಯಮ್, ತಾಮ್ರ ಮುಂತಾದ ಸಾಮಾನುಗಳ ಪರೀಕ್ಷೆಯ ಅಂಕಿಗಳನ್ನು ತಿದ್ದಿ ಕಳಿಸಿದ್ದಾಗಿ ಅದು 2017ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಆ ಸಾಮಾನು ಕೊಂಡ ಕಂಪನಿಗಳು 500ಕ್ಕೂ ಹೆಚ್ಚು. ಕಾರು, ರೈಲು, ವಿಮಾನ ಮಾಡುವವರೆಲ್ಲ ತಮ್ಮ ಸರಕನ್ನು ಮತ್ತೆ ಪರೀಕ್ಷಿಸಬೇಕಾಯಿತು. ಅವರ ಬಳಿ ಯಂತ್ರಗಳಿಗೆ ಕೊರತೆ ಇರಲಿಲ್ಲ. ಗಿರಾಕಿ ಕೇಳಿದ ಅಂಕಿ ಬರದಿದ್ದಾಗ ಬಂದ ಅಂಕಿಯನ್ನೇ ಬರೆಯುವ ಧೈರ್ಯಕ್ಕೆ ಕೊರತೆಯಿತ್ತು. ಅಂಥ ದೊಡ್ಡ ಕಂಪನಿಯಾದರೆ ಪೆಟ್ಟು ತಿಂದೂ ನಿಲ್ಲಬಹುದು. ಉದ್ಯಮಬಾಗದ ಸಣ್ಣ ಮಾಲೀಕನಿಗೆ ಎರಡನೆಯ ಅವಕಾಶ ಸಿಗುವುದಿಲ್ಲ.

ಈ ಮಾತು ನಮ್ಮ ಶಾಲೆಗಳಿಗೂ ಬರುತ್ತದೆ. ಓಮ್‌ನ ನಿಯಮದ ಪ್ರಯೋಗದಲ್ಲಿ ಐದು ಸಲ ವೋಲ್ಟು, ಐದು ಸಲ ಆಂಪಿಯರು ಓದಿ ಭಾಗಿಸಬೇಕು. ನಿಜವಾಗಿ ಮಾಡಿದರೆ 4.8, 5.1, 5.0, 5.2, 4.9 ಎಂದು ಬರುತ್ತದೆ. ಆದರೆ ಎಷ್ಟೋ ಪ್ರಯೋಗ ಪುಸ್ತಕಗಳಲ್ಲಿ ಐದೂ ಸಾಲಿನಲ್ಲಿ ಮುದ್ದಾಗಿ 5.0 ಇರುತ್ತದೆ. ಅಂಥ ಪುಸ್ತಕಕ್ಕೆ ಪೂರ್ಣ ಅಂಕ ಸಿಗುವುದೂ ಉಂಟು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆ ಪ್ರಯೋಗಶಾಲೆಗೆ ಬರಬಾರದು. ಹದಿನೈದನೆಯ ವಯಸ್ಸಿಗೆ ಅಂಕಿ ತಿದ್ದಲು ಕಲಿತ ಕೈ ಇಪ್ಪತ್ತೈದಕ್ಕೆ ಕಾರ್ಖಾನೆಯ ಅಳತೆಯ ಕೋಣೆಯಲ್ಲಿ ಕುಳಿತಾಗ ಏನು ಮಾಡೀತು? 4.8 ಬಂದರೆ 4.8 ಎಂದೇ ಬರೆಯಲಿ, ಯಾಕೆ ಬಂತೆಂದು ಯೋಚಿಸಲಿ. ತಂತಿಯ ತುದಿ ಸಡಿಲವಿತ್ತೇ, ಮುಳ್ಳು ಮೊದಲೇ ಸೊನ್ನೆಯ ಮೇಲೆ ಇರಲಿಲ್ಲವೇ ಎಂದು ಹುಡುಕಲಿ. ವಿಜ್ಞಾನ ಕಲಿಯುವುದೆಂದರೆ ಇದೇ.

ಪಾಲಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಇಂಜಿನಿಯರಿಂಗ್ ಸೀಟು ಪಡೆಯದಿದ್ದರೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಬೆಳಗಾವಿಯಲ್ಲೂ ನಮಗೆ ಹತ್ತಿರದ ಕೂಡಲಸಂಗಮದಲ್ಲೂ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಹತಾರ, ಅಚ್ಚು ಮಾಡುವ ಡಿಪ್ಲೊಮಾ ಅಲ್ಲಿ ಸಿಗುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ಕೊಟ್ಟು ಮೇಲ್ದರ್ಜೆಗೆ ಏರಿಸಿದ್ದನ್ನು 2022ರ ಜೂನಿನಲ್ಲಿ ಉದ್ಘಾಟಿಸಲಾಯಿತು. ಸಿಎನ್‌ಸಿ ಮುಂದೆ ನಿಲ್ಲಲು ತೋಳ್ಬಲ ಬೇಕಿಲ್ಲ, ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ. 'ಕೈ ಕರಿ ಮಾಡಿಕೊಳ್ಳುವ ಕೆಲಸ' ಎಂದು ಮೂಗು ಮುರಿಯುವ ಮುನ್ನ ಒಮ್ಮೆ ಮಗುವಿನ ಜೊತೆ ಹೋಗಿ ಅಲ್ಲಿಯ ತರಗತಿ ನೋಡಿ ಬನ್ನಿ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ ಇಷ್ಟು. ಶಾಲೆಯ ಸ್ಕ್ರೂ ಗೇಜ್ ಕೇಳಿ ಪಡೆಯಿರಿ. ಮೊದಲು ಅದರ ಸೊನ್ನೆ ದೋಷ ನೋಡಿ ಬರೆದುಕೊಳ್ಳಿ. ಒಂದು ರೂಪಾಯಿಯ ಹಳೆಯ ನಾಣ್ಯದ ದಪ್ಪವನ್ನು ಹತ್ತು ಕಡೆ ಅಳೆಯಿರಿ, ಆಮೇಲೆ ಗೆಳೆಯನೊಬ್ಬನಿಂದ ಅದೇ ನಾಣ್ಯವನ್ನು ಅಳೆಯಿಸಿರಿ. ಇಬ್ಬರ ಅಂಕಿಗಳೂ ಒಂದೇ ಆಗಲಾರವು. ಆಗಬೇಕಾಗಿಯೂ ಇಲ್ಲ. ಒಂದನ್ನೂ ತಿದ್ದದೆ ಇಪ್ಪತ್ತನ್ನೂ ಬರೆದು, ಸರಾಸರಿ ತೆಗೆದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಂದ ಅಂಕಿಗಳಿಗೆ ಕಾರಣ ಏನಿರಬಹುದೆಂದು ಕೆಳಗೆ ಎರಡು ಸಾಲು ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿರಿ.